ಹಠ ಅಲ್ಲ ಸ್ವಾಮಿ, ಮಾತ್ರೆ!

ಮಗುವಿಗೆ ನೆಗಡಿ. ಮೆಡಿಕಲ್ ಶಾಪಿನಿಂದ ಸಿರಪ್ ತಂದು ಕುಡಿಸ್ತೀರಿ. ಇನ್ನರ್ಧ ಗಂಟೆಗೆ ಮಗು ಮಲಗಬೇಕು. ಮಲಗಲ್ಲ. ಹಾಸಿಗೆ ಮೇಲೆ ಕುಣಿಯುತ್ತೆ, ಗೋಡೆಗೆ ಒದೆಯುತ್ತೆ, ರಾತ್ರಿ ಮೂರಾದರೂ ಮನೆ ತುಂಬಾ ಓಡಾಡುತ್ತೆ. ನಿದ್ದೆ ತರಿಸಬೇಕಾದ ಔಷಧಿಯೇ ನಿದ್ದೆ ಕಿತ್ತುಕೊಳ್ತು. ಡಾಕ್ಟರು ಇದನ್ನ ಪ್ಯಾರಡಾಕ್ಸಿಕಲ್ ರಿಯಾಕ್ಷನ್ ಅಂತಾರೆ. ನಮ್ಮ ಮಾತಲ್ಲಿ ಹೇಳಬೇಕಂದ್ರೆ, ಔಷಧಿ ಉಲ್ಟಾ ಹೊಡೀತು. ಇದು ಯಾವ ಮಗುವಿಗಾದರೂ ಆಗಬಹುದು. ಆದರೆ ಆಟಿಸಂ ಇರುವ ಮಕ್ಕಳ ತಂದೆ ತಾಯಿಯರನ್ನು ಮಾತಾಡಿಸಿ ನೋಡಿ. ಇಂಥ ರಾತ್ರಿಗಳ ಲೆಕ್ಕ ಅವರ ಬಳಿ ಇರುತ್ತೆ.

ನಾನು ಡಾಕ್ಟರಲ್ಲ. ಕ್ಯಾಮೆರಾ ಮುಂದೆ ಕೂತು ಮಾತಾಡೋ ಮನುಷ್ಯ. ಆದರೆ ಅಂಕಿ ಅಂಶ ಓದೋಕೆ ಬರುತ್ತೆ. ಚಂಚಲತೆ ಕಡಿಮೆ ಮಾಡೋಕೆ ಕೊಡುವ ಮೀಥೈಲ್‌ಫೆನಿಡೇಟ್ ಅನ್ನೋ ಮಾತ್ರೆಯನ್ನೇ ತಗೊಳ್ಳಿ. ಆಟಿಸಂ ಇಲ್ಲದ, ಬರೀ ಚಂಚಲತೆ ಇರುವ ಮಕ್ಕಳಲ್ಲಿ ನೂರಕ್ಕೆ 70ರಷ್ಟು ಜನರಿಗೆ ಅದು ಕೆಲಸ ಮಾಡುತ್ತೆ. ಅಡ್ಡ ಪರಿಣಾಮ ತಾಳಲಾರದೆ ಬಿಟ್ಟವರು ದೊಡ್ಡ ಅಧ್ಯಯನದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ. 2005ರಲ್ಲಿ ಅಮೆರಿಕದ ಸಂಶೋಧಕರು ಇದನ್ನೇ ಆಟಿಸಂ ಮತ್ತು ಅದಕ್ಕೆ ಹತ್ತಿರದ ತೊಂದರೆ ಇರುವ 72 ಮಕ್ಕಳಿಗೆ ಕೊಟ್ಟು ನೋಡಿದರು. ಗುಣ ಕಂಡಿದ್ದು ಅರ್ಧದಷ್ಟು ಮಕ್ಕಳಲ್ಲಿ. ಬಿಟ್ಟವರು ನೂರಕ್ಕೆ 18. ಬಹಳಷ್ಟು ಮಕ್ಕಳು ಬಿಟ್ಟಿದ್ದು ಸಿಡಿಮಿಡಿ ಜಾಸ್ತಿ ಆಯ್ತು ಅಂತ.

2009ರಲ್ಲಿ ಇನ್ನೊಂದು ಅಧ್ಯಯನ ಬಂತು. ಮಾಡಿದ್ದನ್ನೇ ಮಾಡುವ ಅಭ್ಯಾಸ ತಗ್ಗಲಿ ಅಂತ 149 ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಸಿಟಾಲೊಪ್ರಾಮ್ ಕೊಟ್ಟರು, ಉಳಿದವರಿಗೆ ಔಷಧಿಯೇ ಇಲ್ಲದ ಸಪ್ಪೆ ದ್ರಾವಣ. ಎರಡೂ ಕಡೆ ಮೂರರಲ್ಲಿ ಒಬ್ಬರು ಸುಧಾರಿಸಿದರು! ವ್ಯತ್ಯಾಸ ಕಂಡಿದ್ದು ಬೇರೆ ಕಡೆ: ಔಷಧಿ ಕುಡಿದವರಲ್ಲಿ ಓಡಾಟ, ದುಡುಕು, ನಿದ್ದೆಗೇಡು ಜಾಸ್ತಿ.

ಯಾಕೆ ಹೀಗೆ? ಆಟಿಸಂ ಇರುವ ಕೆಲವರ ರಕ್ತದಲ್ಲಿ ಸೆರೊಟೊನಿನ್ ಹೆಚ್ಚಿರುತ್ತೆ ಅನ್ನೋದು 1961ರಲ್ಲೇ ಗೊತ್ತಾಗಿತ್ತು. ಮಿದುಳಿನ ರಸಾಯನದ ಲೆಕ್ಕವೇ ಬೇರೆ ಇರೋ ಕಡೆ ಔಷಧಿಯ ಲೆಕ್ಕವೂ ಬೇರೆ ಆದರೆ ಆಶ್ಚರ್ಯವಿಲ್ಲ. ಪೂರ್ತಿ ಉತ್ತರ ವಿಜ್ಞಾನಕ್ಕೆ ಇನ್ನೂ ಸಿಕ್ಕಿಲ್ಲ.

ನನ್ನನ್ನ ಕಾಡೋದು ಅದಲ್ಲ. ಅಕಥೀಸಿಯಾ ಅಂತ ಒಂದು ಅಡ್ಡ ಪರಿಣಾಮ ಇದೆ. ಗ್ರೀಕ್ ಮೂಲದ ಪದ, ಕೂರಲಾಗದು ಅಂತ ಅರ್ಥ. ರಿಸ್ಪೆರಿಡೋನ್‌ನಂಥ ಮಾತ್ರೆಗಳಿಂದ ಬರಬಹುದು. ಒಳಗೆ ಏನೋ ಕುದಿಯುತ್ತೆ, ಕಾಲು ನಿಲ್ಲಲ್ಲ, ಚರ್ಮ ಬಿಚ್ಚಿ ಓಡಿಹೋಗೋಣ ಅನ್ನಿಸುತ್ತೆ. ನಿಮಗೋ ನನಗೋ ಆದರೆ ಡಾಕ್ಟರಿಗೆ ಫೋನ್ ಮಾಡ್ತೀವಿ. ಮಾತು ಬಾರದ ಹುಡುಗ ಏನು ಮಾಡಬೇಕು? ಕೈ ಕಚ್ಚಿಕೊಳ್ತಾನೆ, ತಲೆ ಚಚ್ಚಿಕೊಳ್ತಾನೆ, ಅಮ್ಮನ ಕೂದಲು ಎಳೀತಾನೆ. ಮಾತು ಬರುವವರಲ್ಲೂ ಎಷ್ಟೋ ಜನರಿಗೆ ದೇಹದೊಳಗೆ ಆಗ್ತಿರೋದು ಇಂಥದ್ದೇ ಅಂತ ಗುರುತಿಸಿ ಹೇಳೋದು ಕಷ್ಟ. ಮನೆಯವರಿಗೆ ಕಾಣೋದು ಏನು? ಹಠ ಜಾಸ್ತಿ ಆಯ್ತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದನ್ನೇ ಹೇಳ್ತಾರೆ. ಡೋಸ್ ಏರುತ್ತೆ. ಡೋಸ್ ಏರಿದಷ್ಟೂ ಕುದಿ ಏರುತ್ತೆ. ಕುದಿ ಏರಿದಷ್ಟೂ ಡೋಸ್!

ಹಾಗಂತ ರಿಸ್ಪೆರಿಡೋನ್ ವಿಷ ಅಂತ ನಾನು ಹೇಳ್ತಿಲ್ಲ. 2002ರಲ್ಲಿ 101 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಅದನ್ನು ತಗೊಂಡ ನೂರಕ್ಕೆ 69 ಮಕ್ಕಳ ಸಿಟ್ಟು, ಹೊಡೆದಾಟ ಗಣನೀಯವಾಗಿ ಇಳೀತು. ಸಪ್ಪೆ ಔಷಧಿ ಪಡೆದವರಲ್ಲಿ ಬರೀ 12. 2006ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆಯೂ ಸಿಕ್ಕಿತು, ಅದೂ ಸಿಡಿಮಿಡಿಗೆ, ಆಟಿಸಂಗೆ ಅಲ್ಲ. ಎಂಟೇ ವಾರದಲ್ಲಿ ಸರಾಸರಿ 2.7 ಕೆಜಿ ತೂಕ ಏರಿದ್ದೂ ಅದೇ ವರದಿಯಲ್ಲಿದೆ. ಎಷ್ಟೋ ಮನೆಗಳಲ್ಲಿ ಈ ಮಾತ್ರೆಯಿಂದಲೇ ಎಲ್ಲರೂ ಉಸಿರಾಡ್ತಿದ್ದಾರೆ.

ಹೇಳಿಕೊಳ್ಳಲಾಗದವರ ಮಾತು ಬಿಡಿ, ಹೇಳಿದವರ ಮಾತನ್ನಾದರೂ ಕೇಳ್ತಾರಾ? ಆಲಿವರ್ ಮೆಕ್‌ಗೋವನ್. ಇಂಗ್ಲೆಂಡಿನ ಹುಡುಗ, ವಯಸ್ಸು 18. ಆಟಿಸಂ ಇತ್ತು, ಮೂರ್ಛೆರೋಗವಿತ್ತು. 2016ರಲ್ಲಿ ಫಿಟ್ಸ್ ಬಂದು ಬ್ರಿಸ್ಟಲ್‌ನ ಆಸ್ಪತ್ರೆ ಸೇರಿದ. ಮನೋರೋಗಕ್ಕೆ ಕೊಡುವ ಮಾತ್ರೆ ತನಗೆ ಆಗಿಬರಲ್ಲ ಅಂತ ಹುಡುಗನೇ ಹೇಳಿದ. ಅಪ್ಪ ಅಮ್ಮ ಹೇಳಿದರು. ಆದರೂ ಒಲಾನ್ಜಪೀನ್ ಕೊಟ್ಟರು. ಜ್ವರ ಏರಿ ಸ್ನಾಯುಗಳು ಬಿಗಿಯುವ ಅಪರೂಪದ ರಿಯಾಕ್ಷನ್ ಆಯ್ತು, ಮಿದುಳು ಊದಿಕೊಂಡಿತು. ಆ ನವೆಂಬರ್‌ನಲ್ಲಿ ಹುಡುಗ ಹೋದ. ಔಷಧಿ ಕೊಟ್ಟಿದ್ದು ಸರಿಯಾಗೇ ಇತ್ತು ಅಂತ ಮೊದಲ ವಿಚಾರಣೆ ಹೇಳಿತು. 2020ರ ಸ್ವತಂತ್ರ ಪರಿಶೀಲನೆ, ಈ ಸಾವನ್ನ ತಪ್ಪಿಸಬಹುದಿತ್ತು ಅಂದಿತು. ತಾಯಿ ಸುಮ್ಮನೆ ಕೂರಲಿಲ್ಲ. 2022ರ ಕಾನೂನಿನಲ್ಲಿ ಅಲ್ಲಿನ ಆರೋಗ್ಯ ಸಿಬ್ಬಂದಿಗೆ ಆಟಿಸಂ ಬಗ್ಗೆ ತರಬೇತಿ ಕಡ್ಡಾಯವಾಯ್ತು. ಆ ತರಬೇತಿಗೆ ಆಲಿವರ್‌ನದೇ ಹೆಸರು.

ನಮ್ಮಲ್ಲಿ? ಕಾನೂನು ಬರೋವರೆಗೆ ಕಾಯಬೇಡಿ. ಹೊಸ ಮಾತ್ರೆ ಶುರುವಾದರೆ ತಾರೀಖು ಬರೆದಿಡಿ. ನಿದ್ದೆ, ಊಟ, ಮಲಬದ್ಧತೆ, ಕೂಗಾಟ, ದಿನಕ್ಕೆರಡು ಸಾಲು ಸಾಕು. ಕಡಿಮೆ ಡೋಸ್‌ನಿಂದ ಶುರುಮಾಡಿ ನಿಧಾನಕ್ಕೆ ಏರಿಸಬಹುದಾ ಅಂತ ಡಾಕ್ಟರನ್ನ ಕೇಳಿ, ಕೇಳೋದು ಅಧಿಕಪ್ರಸಂಗ ಅಲ್ಲ. ನೀವಾಗೇ ಏಕಾಏಕಿ ನಿಲ್ಲಿಸಲೇಬೇಡಿ, ಫಿಟ್ಸ್ ಮಾತ್ರೆಯನ್ನಂತೂ ಮುಟ್ಟಲೇಬೇಡಿ. ಜ್ವರ, ಮೈ ಬಿಗಿತ, ಮಂಕು ಒಟ್ಟಿಗೆ ಕಂಡರೆ ಬೆಳಗಾಗೋವರೆಗೆ ಕಾಯದೆ ಎಮರ್ಜೆನ್ಸಿಗೆ ಓಡಿ. ಯಾವ ಔಷಧಿ ಹಿಂದೆ ಉಲ್ಟಾ ಹೊಡೆದಿತ್ತೋ ಅದರ ಹೆಸರು ಫೈಲಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿರಲಿ. ಅಡ್ಡ ಪರಿಣಾಮ ವರದಿ ಮಾಡೋಕೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-180-3024. ಡಾಕ್ಟರೇ ಫೋನ್ ಮಾಡಬೇಕು ಅಂತೇನಿಲ್ಲ, ಮಗುವಿನ ಅಮ್ಮನೂ ಮಾಡಬಹುದು.