ಮೀನಿಗಿಂತ ಮೊದಲು ನೀರು ಹದವಾಗಲಿ

ಕೆಂಗಲ್ ಸುತ್ತಲಿನ ವರ್ತಕರಿಗೆ ತಾಳ್ಮೆಯ ಬೆಲೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಪಕ್ಕದ ಚನ್ನಪಟ್ಟಣದ ಕುಶಲಕರ್ಮಿಯು ಆಲೆ ಮರವನ್ನು ಒಣಗಿಸಿದ ನಂತರವೇ ಲೇತಿಗೆ ಏರಿಸುತ್ತಾನೆ. ಹಸಿ ಮರದ ಬೊಂಬೆ ಬಿರುಕು ಬಿಡುತ್ತದೆ. ಅಂಗಡಿಯ ಶೋಭೆಗೋ ಮಾರಾಟಕ್ಕೋ ಅಕ್ವೇರಿಯಂ ಇರಿಸುವವರಿಗೂ ಇದೇ ನಿಯಮ.

ಹೊಸ ತೊಟ್ಟಿಯ ನೀರು ತಿಳಿಯಾಗಿ ಕಂಡರೂ ಸಿದ್ಧವಾಗಿರುವುದಿಲ್ಲ. ಮೀನಿನ ವಿಸರ್ಜನೆಯಿಂದ ಹುಟ್ಟುವ ಅಮೋನಿಯಾ ವಿಷಕಾರಿ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯದು ಆ ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು.

ಕ್ಲೋರಿನ್ ನಿವಾರಿಸಿದ ನೀರು ತುಂಬಿ, ಫಿಲ್ಟರನ್ನು ಹಗಲಿರುಳೂ ನಡೆಸಬೇಕು. ಸಾಬೂನು, ಸುಗಂಧ ಬೆರೆಯದ ಅಮೋನಿಯಾ ದ್ರಾವಣವನ್ನು ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಗುವಂತೆ ಹಾಕಿ, ಪರೀಕ್ಷಾ ಕಿಟ್‌ನಲ್ಲಿ ಅದು ಇಳಿದಾಗ ಪುನಃ ಹಾಕಬೇಕು. ನಡುವೆ ನೈಟ್ರೈಟ್ ಹಲವು ದಿನ ಇಳಿಯದೆ ನಿಲ್ಲುವುದುಂಟು. ಅವಸರದಿಂದ ಮೀನು ಬಿಡುವ ತಪ್ಪು ಆಗುವುದು ಆಗಲೇ. ಹಾಕಿದ ಅಮೋನಿಯಾ 24 ಗಂಟೆಗಳಲ್ಲಿ ಕರಗಿ, ನೈಟ್ರೈಟ್ ಸಹ ಶೂನ್ಯವಾದಾಗ ತೊಟ್ಟಿ ಸಿದ್ಧ. ಬಹುಪಾಲು ನೀರು ಬದಲಿಸಿ ಮೀನು ಬಿಡಬಹುದು.

ತೊಟ್ಟಿ ಮಾರುವವರು ಗಿರಾಕಿಗೆ ಇದನ್ನು ಮೊದಲೇ ತಿಳಿಸುವುದು ಒಳಿತು. ಮೀನಿನ ಮಾರಾಟ ಒಂದೂವರೆ ತಿಂಗಳು ತಡವಾದೀತು. ಆದರೆ ಮೀನು ಬದುಕಿದರೆ ಗಿರಾಕಿ ಮರಳಿ ಬರುತ್ತಾನೆ.