ಠಾಣೆಯ ಹೊಸ್ತಿಲಲ್ಲಿ ಬಾಲಕರು

ಹದಿನಾಲ್ಕು ಹದಿನೈದು ವರ್ಷದ ಹುಡುಗನೊಬ್ಬನು ಸಂತೆಯಲ್ಲಿ ಬೈಸಿಕಲ್ಲನ್ನು ಕದ್ದು ಸಿಕ್ಕಿಬಿದ್ದರೆ ಅವನ ಗತಿಯೇನು? ಶಾಸನದ ಉತ್ತರವು ಸ್ಪಷ್ಟವಾಗಿದೆ. ಠಾಣೆಯ ಉತ್ತರವು ಎಷ್ಟೋ ಸಲ ಬೇರೆಯಾಗಿರುತ್ತದೆ. ಈ ಅಂತರವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬಯಸುತ್ತೇವೆ.

ಬಾಲಾಪರಾಧಿಗಳನ್ನು ಪ್ರೌಢರಿಂದ ಬೇರ್ಪಡಿಸಬೇಕೆಂಬುದು ಹೊಸ ವಿಚಾರವಲ್ಲ. ಮದ್ರಾಸು ಪ್ರಾಂತವು 1920ರಲ್ಲಿಯೂ ಮುಂಬಯಿ ಪ್ರಾಂತವು 1924ರಲ್ಲಿಯೂ ಇದಕ್ಕಾಗಿ ಕಾಯಿದೆಗಳನ್ನು ಮಾಡಿದ್ದವು. ಈಗ ನಡೆಯುತ್ತಿರುವ 2015ರ ಬಾಲನ್ಯಾಯ ಕಾಯಿದೆಯು ಇನ್ನೂ ಮುಂದೆ ಹೋಗಿ, ಸಾಧ್ಯವಾದೆಡೆಯಲ್ಲೆಲ್ಲ ಬಾಲಕನನ್ನು ವ್ಯಾಜ್ಯದ ದಾರಿಯಿಂದ ತಪ್ಪಿಸಿ ತಿದ್ದುವುದನ್ನೇ ಒಂದು ಮೂಲತತ್ತ್ವವನ್ನಾಗಿ ಅಂಗೀಕರಿಸಿದೆ. ಪ್ರತಿ ಠಾಣೆಯಲ್ಲಿಯೂ ಸಹಾಯಕ ಸಬ್ ಇನ್ಸ್‌ಪೆಕ್ಟರರಿಗೆ ಕಡಮೆಯಲ್ಲದ ಒಬ್ಬ ಮಕ್ಕಳ ಕಲ್ಯಾಣ ಅಧಿಕಾರಿ ಇರತಕ್ಕದ್ದು. ಬಾಲಕನನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಕೂಡದು. ಹಿಡಿದರೆ 24 ಗಂಟೆಗಳೊಳಗೆ ಬಾಲನ್ಯಾಯ ಮಂಡಲಿಯ ಮುಂದೆ ಹಾಜರುಪಡಿಸಬೇಕು. 2016ರ ನಿಯಮಗಳಂತೆ ಸಣ್ಣ ಕಳವಿನಂಥ ಅಪರಾಧಕ್ಕೆ, ಪ್ರೌಢರ ಜೊತೆಗೂಡಿ ಮಾಡಿದ್ದಲ್ಲವಾದರೆ, ಎಫ್.ಐ.ಆರ್. ಕೂಡ ಬೇಡ. ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆಯ ಸ್ಥಿತಿಗತಿಗಳ ವರದಿಯನ್ನು ಮಂಡಲಿಗೆ ಕಳುಹಿಸಿ, ತಂದೆತಾಯಿಗಳಿಗೆ ತಿಳಿಸಿದರೆ ಸಾಕು. ಬುದ್ಧಿವಾದ, ಸಮಾಜಸೇವೆ, ಪ್ರೊಬೇಷನ್ ಮೊದಲಾದ ಉಪಾಯಗಳು ಮಂಡಲಿಯ ಕೈಯಲ್ಲಿವೆ.

ಆದರೆ ಈ ಬಾಗಿಲುಗಳ ಕೀಲಿಕೈ ಇರುವುದು ಪೊಲೀಸಿನವರಲ್ಲಿ. ಅವರು ವರದಿಯನ್ನು ಬರೆಯದಿದ್ದರೆ ಮಂಡಲಿಗೆ ಹುಡುಗನ ಸುದ್ದಿಯೇ ತಿಳಿಯದು. ವಯಸ್ಸಿನ ಕಾಲಮಿನಲ್ಲಿ ಹತ್ತೊಂಬತ್ತೆಂದು ಗೀಚಿದರೆ ಕಾಯಿದೆಯ ರಕ್ಷಣೆಯೆಲ್ಲವೂ ಒಂದೇ ಗಳಿಗೆಯಲ್ಲಿ ಹಾರಿಹೋಗುವುದು. ಇದು ನಮ್ಮ ಕಲ್ಪನೆಯಲ್ಲ. 2016ರಿಂದ 2021ರವರೆಗೆ ಕನಿಷ್ಠ 9,681 ಮಕ್ಕಳು ದೇಶದ ಪ್ರೌಢರ ಜೈಲುಗಳಲ್ಲಿ ತಪ್ಪಾಗಿ ಇಡಲ್ಪಟ್ಟಿದ್ದರೆಂದು ಐಪ್ರೊಬೊನೊ ಎಂಬ ಸಂಸ್ಥೆಯು ಮಾಹಿತಿ ಹಕ್ಕಿನ ಮೂಲಕ ಪಡೆದ ಲೆಕ್ಕದಿಂದ 2024ರಲ್ಲಿ ಹೊರಗೆಡಹಿತು. ಮಕ್ಕಳನ್ನು ಲಾಕಪ್ಪಿನಲ್ಲಿಡಕೂಡದೆಂದೂ, ಮಂಡಲಿಗಳು ಮೂಕಪ್ರೇಕ್ಷಕರಾಗಿ ಕೂರಲಾಗದೆಂದೂ ಸುಪ್ರೀಂ ಕೋರ್ಟು 2020ರ ಫೆಬ್ರವರಿಯಲ್ಲಿ ಎಚ್ಚರಿಸಬೇಕಾಯಿತು.

ಪೊಲೀಸಿನವರಿಗೆ ಕೆಲಸ ಬಹಳ, ಕೈಗಳು ಕಡಮೆ ಎಂಬುದನ್ನು ನಾವು ಬಲ್ಲೆವು. ಮಕ್ಕಳ ಅಧಿಕಾರಿಯೆನಿಸಿಕೊಂಡವನಿಗೇ ಬಂದೋಬಸ್ತೂ ಬೀಟೂ ಸಮನ್ಸೂ ಅಂಟಿಕೊಂಡಿದ್ದರೆ ಅವನಾದರೂ ಏನು ಮಾಡಿಯಾನು? ಆದರೆ ವಯಸ್ಸನ್ನು ಸರಿಯಾಗಿ ಬರೆಯುವುದಕ್ಕೆ ಹೆಚ್ಚಿನ ಸಿಬ್ಬಂದಿ ಬೇಡ. ಶಾಲೆಯ ದಾಖಲೆಯನ್ನು ನೋಡುವ ಮನಸ್ಸು ಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಲಾಠಿಯನ್ನು ಸಮರ್ಥಿಸುವವರಿದ್ದಾರೆ. ಬಗ್ಗಿಸುವುದು ಬೇರೆ, ಮುರಿಯುವುದು ಬೇರೆ.

ಸರ್ಕಾರದವರು ಮಾಡಬೇಕಾದುದು ಇಷ್ಟು: ಪ್ರತಿ ಠಾಣೆಯ ಗೋಡೆಯ ಮೇಲೆ ಮಕ್ಕಳ ಅಧಿಕಾರಿಯ ಹೆಸರು ಎಲ್ಲರಿಗೂ ಕಾಣುವಂತಿರಲಿ, ಅವನ ಮೇಲಣ ಇತರ ಹೊರೆ ಇಳಿಯಲಿ, ವಯಸ್ಸನ್ನು ಸುಳ್ಳಾಗಿ ಬರೆದವನು ಜವಾಬು ಹೇಳಲಿ. ಮಂಡಲಿಗಳಾದರೋ, ಹುಡುಗನು ಎದುರಿಗೆ ಬಂದೊಡನೆ, ಅವನು ಏನು ಕದ್ದನೆಂದು ಕೇಳುವ ಮೊದಲು, ಅವನನ್ನು ಹಿಡಿದದ್ದು ಎಷ್ಟು ಹೊತ್ತಿಗೆಂದು ಕೇಳಲಿ. ಬೈಸಿಕಲ್ಲು ಹೋದರೆ ಇನ್ನೊಂದನ್ನು ಕೊಳ್ಳಬಹುದು. ಜೈಲಿನ ಸಹವಾಸದಲ್ಲಿ ಕೆಟ್ಟ ಬಾಲಕನನ್ನು ಯಾವ ಬೊಕ್ಕಸವೂ ಮರಳಿ ಕೊಳ್ಳಲಾರದು.