ಕೊರೊನಾ ಹೊಟ್ಟೆಗೂ ಇಳಿಯುತ್ತದೆ
ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಮಳೆ ಹಿಡಿದರೆ ಜುಲಾಬು ಹೊಸ ಸುದ್ದಿಯಲ್ಲ. ಕದಂಬರ ಹಲಸಿಯಲ್ಲೂ ಹೊಟ್ಟೆ ಕೆಟ್ಟಾಗ ಮೊದಲ ಅನುಮಾನ ನೀರಿನ ಮೇಲೆ, ಆಮೇಲೆ ಹಿಂದಿನ ರಾತ್ರಿಯ ಊಟದ ಮೇಲೆ. ಕೊರೊನಾದ ಮೇಲೆ ಯಾರಿಗೂ ಅನುಮಾನ ಬರದು, ಅದು ಉಸಿರಿನ ರೋಗ ತಾನೆ! ಆದರೆ 2020ರ ಜನವರಿಯಲ್ಲಿ ಅಮೆರಿಕದಲ್ಲಿ ಪತ್ತೆಯಾದ ಮೊದಲ ರೋಗಿಗೇ ಭೇದಿಯಾಗಿತ್ತು, ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ ಸಿಕ್ಕಿತ್ತು. ಇದು ಆಕಸ್ಮಿಕವಲ್ಲ. ಈ ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವುದು ಎಸಿಇ-2 ಎಂಬ ಪ್ರೋಟೀನಿಗೆ, ಅದು ಹೇರಳವಾಗಿರುವುದು ಸಣ್ಣ ಕರುಳಿನ ಒಳಪದರದಲ್ಲಿ. ಅಲ್ಲಿ ಅದರ ನಿತ್ಯದ ಕೆಲಸ ಬೇರೆ: ಟ್ರಿಪ್ಟೊಫಾನ್‌ನಂಥ ಅಮೈನೋ ಆಮ್ಲಗಳನ್ನು ಊಟದಿಂದ ಹೀರಿಕೊಳ್ಳುವ ಮತ್ತೊಂದು ಪ್ರೋಟೀನಿಗೆ ಆಸರೆಯಾಗಿ ನಿಲ್ಲುವುದು. ಆ ಕೋಶಗಳಿಗೆ ಸೋಂಕು ತಗುಲಿದರೆ ಹೀರಿಕೆ ಏರುಪೇರಾಗಬಹುದು, ಉರಿಯೂತವಾಗಬಹುದು, ನೀರು ಕರುಳಿನಲ್ಲೇ ಉಳಿದು ಭೇದಿಯಾಗಬಹುದು.

ಭೇದಿಗೆ ಕಾರಣ ವೈರಸ್ಸಲ್ಲ, ಕೊರೊನಾ ದಿನಗಳಲ್ಲಿ ನುಂಗಿಸಿದ ಅಜಿತ್ರೊಮೈಸಿನ್ ಮಾತ್ರೆ ಎನ್ನುವವರಿದ್ದಾರೆ. ಅರ್ಧ ನಿಜ, ಆ ಮಾತ್ರೆ ಹೊಟ್ಟೆ ಕೆಡಿಸುವುದುಂಟು. ಆದರೆ ಮಾತ್ರೆ ಮುಟ್ಟುವ ಮೊದಲೇ ಜುಲಾಬು ಶುರುವಾದವರೂ ಇದ್ದರಲ್ಲ. ಮಲದಲ್ಲಿ ಸಿಗುವುದು ಸತ್ತ ವೈರಸ್ಸಿನ ಚೂರುಗಳಷ್ಟೇ ಎಂಬ ಆಕ್ಷೇಪ ಇನ್ನೂ ಗಟ್ಟಿಯದು, ಎಷ್ಟೋ ಸಲ ಅದು ಹಾಗೇ ಇರುತ್ತದೆ. ಆದರೂ 2020ರಲ್ಲೇ ನೆದರ್‌ಲ್ಯಾಂಡ್ಸಿನ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಕರುಳ ಅಂಗಾಂಶದಲ್ಲಿ ಈ ವೈರಸ್ ಮರಿಮಾಡುವುದನ್ನು ತೋರಿಸಿದರು. ಹಾಗೆಂದು ಕೊರೊನಾ ಕಾಲರಾದಂತೆ ನೀರಿನಿಂದ ಹರಡುತ್ತದೆ ಎನ್ನಬೇಕಿಲ್ಲ. ಅದರ ಮುಖ್ಯ ದಾರಿ ಗಾಳಿಯೇ.

ಮಲಕ್ಕೆ ಸೇರಿದ ಈ ಆರ್‌ಎನ್‌ಎಯನ್ನೇ ಬೆಂಗಳೂರು ಉಪಯೋಗಕ್ಕೆ ತಂದುಕೊಂಡಿತು. ಕೊಳಚೆನೀರು ಶುದ್ಧೀಕರಣ ಘಟಕಗಳ ಮಾದರಿಗಳಲ್ಲಿ ವೈರಸ್ಸಿನ ಏರಿಳಿತವನ್ನು ಅಳೆಯಲಾಯಿತು. ಒಳಚರಂಡಿಯೇ ಇಲ್ಲದೆ ಗುಂಡಿ ಶೌಚಾಲಯಗಳಿರುವ ಹಳ್ಳಿಗೆ ಆ ಅನುಕೂಲವಿಲ್ಲ. ಬೆಳಗಾವಿಯಲ್ಲಿ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯಪದ್ಧತಿ ಸಂಸ್ಥೆಯೂ ಕೊರೊನಾ ಪರೀಕ್ಷೆ ನಡೆಸಿತು. ಆದರೆ ಮಾದರಿ ಅಲ್ಲಿಗೆ ತಲುಪಬೇಕಾದರೆ ಮೊದಲು ಯಾರಿಗಾದರೂ ಅನುಮಾನ ಬರಬೇಕು. ಜ್ವರ, ಕೆಮ್ಮು ಇದೆಯೇ ಎಂದು ಕೇಳುವ ಆಶಾ ಕಾರ್ಯಕರ್ತೆ, ಸೋಂಕು ಹರಡಿರುವಾಗ ಹೊಟ್ಟೆಯ ಬಗ್ಗೆಯೂ ಒಂದು ಮಾತು ಕೇಳಿದರೆ ಖರ್ಚೇನೂ ಆಗದು. ಪ್ರತಿ ಭೇದಿಗೂ ಕೊರೊನಾ ಎಂದು ಹೆದರಿಸಿದಂತಾಗದೇ ಎಂದರೆ, ಭೇದಿ ಕೊರೊನಾದ್ದಾಗಲಿ ಬೇರೆಯದಾಗಲಿ, ಚಿಕಿತ್ಸೆಯ ಮೊದಲ ಹೆಜ್ಜೆ ಒಂದೇ: ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿದ ಓಆರ್‌ಎಸ್, ಗುಟುಕು ಗುಟುಕಾಗಿ. ವಯಸ್ಸಾದವರಿಗೆ ಮೂತ್ರ ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೋಗಬೇಕು. ಮೂಗು-ಗಂಟಲಿನ ಪರೀಕ್ಷೆ ಬೇಕೋ ಬೇಡವೋ ಅಲ್ಲಿ ತೀರ್ಮಾನವಾಗುತ್ತದೆ.